ಖೀಮಜಿ ಸೇಟು ಹಾಗೆ ಅಂದಿರಲಿಲ್ಲ

ಚಾಮರಾಜಪೇಟೆ, ಬೆಂಗಳೂರು
೧೨ ಮಾರ್ಚ್ ೧೯೮೪, ಸೋಮವಾರ

ನನ್ನ ಮುದ್ದು ಕೋಕಿಲಾ,

ನಿನಗೆ, ನಿನ್ನ ಯಜಮಾನರಿಗೆ, ಮಕ್ಕಳಿಬ್ಬರಿಗೆ ನನ್ನ ಆಶೀರ್ವಾದ. ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಆ ಒಂದು ಸಾಲಿಗೆ ಕೈ ಬರಲಿಲ್ಲ, ಬಿಟ್ಟಿದ್ದೇನೆ.

ಮಾರ್ಕೆಟ್ಟಿನಲ್ಲಿ ಒಂದು ಬಸ್ಸು ಹತ್ತಿದರೆ ಮಲ್ಲೇಶ್ವರದಲ್ಲಿ ನಿನ್ನ ಮನೆ. ಇಷ್ಟು ಹತ್ತಿರ ಇದ್ದುಕೊಂಡು ಅಮ್ಮ ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಹೋದ ವಾರ ಎರಡು ಸಲ ಬಂದೆನಲ್ಲ, ಒಂದು ಸಲ ಹುಳಿಪುಡಿ ಕೊಡುವ ನೆಪದಲ್ಲಿ, ಇನ್ನೊಂದು ಸಲ ಯಾವ ನೆಪವೂ ಇಲ್ಲದೆ. ಎರಡು ಸಲವೂ ಹೇಳಬೇಕೆಂದೇ ಬಂದೆ. ನೀನು ಕಾಫಿ ಕೊಟ್ಟೆ, ಕುಡಿದೆ, ನಿನ್ನ ಮುಖ ನೋಡಿದೆ, ಎದ್ದು ಬಂದೆ. ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ. ಬರೆಯುವ ಧೈರ್ಯ ಇದೆಯೋ ಇಲ್ಲವೋ ಈಗ ಗೊತ್ತಾಗುತ್ತದೆ.

ಎಂಟು ದಿನದ ಹಿಂದೆ, ಸೇಟು ಅವರ ಶ್ರದ್ಧಾಂಜಲಿ ಸಭೆಯಲ್ಲಿ ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಅವರು ಕಟ್ಟಿಸಿದ ಶಾಲೆಯ ಸಭಾಂಗಣ, ಒಳಗೆ ಜಾಗವಿಲ್ಲದೆ ಜನ ಕಿಟಕಿಯ ಹೊರಗೂ ನಿಂತಿದ್ದರು. ಒಬ್ಬೊಬ್ಬರೂ ಎದ್ದು ಹೇಳಿದ್ದೇ ಹೇಳಿದ್ದು. ಕಛ್‌ನಿಂದ ಒಂದು ಟ್ರಂಕು ಹಿಡಿದು ಬಂದವರು, ಮರ ಕೊಯ್ಯುವ ಮೂರು ಸಾಮಿಲ್ ಕಟ್ಟಿದವರು, ಶಾಲೆ ಕಟ್ಟಿದವರು, ಬಡ ಬಾಣಂತಿಯರಿಗೆ ವಾರ್ಡು ಕಟ್ಟಿದವರು. ಆಮೇಲೆ ಟ್ರಸ್ಟಿನ ಕಾರ್ಯದರ್ಶಿ ಚಕ್ರಪಾಣಿ ನಿನ್ನ ಹೆಸರು ಕರೆದ. ಅವನಿಗೆ ಒಳ್ಳೆಯ ಮನಸ್ಸೇ ಇತ್ತು. ಸ್ವಂತ ಮಗಳು, ಎರಡು ಮಾತಾಡಲಿ ಎಂದುಕೊಂಡ.

ನೀನು ಮೈಕಿನ ಮುಂದೆ ನಿಂತು ಹೇಳಿದೆ: "ಇವರು ಊರಿಗೆಲ್ಲ ಕೊಟ್ಟರು ಅಂತ ಹೇಳಿದಿರಿ. ಕೊಟ್ಟಿದ್ದರಲ್ಲಿ ನಾನೂ ಒಬ್ಬಳು. ಜನ ಬೇಡವಾದದ್ದನ್ನೂ ದಾನ ಅಂತಲೇ ಕೊಡ್ತಾರೆ."

ಅಷ್ಟೇ ಹೇಳಿ ಇಳಿದು ಹೊರಟುಹೋದೆ. ಸೇಟು ಅವರ ಹೆಂಡತಿ ಹೀರಾಬಾಯಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಅವರ ಗಂಡುಮಕ್ಕಳಿಬ್ಬರೂ ನೆಲ ನೋಡುತ್ತ ಕೂತರು. ಆ ಮಾತು ಸುಳ್ಳು ಎಂದು ಗೊತ್ತಿದ್ದವರು ಅಲ್ಲಿ ಇಬ್ಬರೇ, ಹೀರಾಬಾಯಿ ಮತ್ತು ನಾನು. ಹೀರಾಬಾಯಿಗೆ ಬಾಯಿ ಬಿಡಬೇಡ ಎಂದು ಗಂಡ ಹೇಳಿಹೋಗಿದ್ದಾರೆ. ನನಗೂ ಹಾಗೇ ಹೇಳಿದ್ದರು. ಆದರೆ ನಾನು ಸುಮ್ಮನಿದ್ದದ್ದು ಅದಕ್ಕಲ್ಲ, ಹೆದರಿಕೆಗೆ.

ಕೋಕಿಲಾ, ಅವರು ನಿನ್ನನ್ನು ಬೇಡ ಅಂದಿರಲಿಲ್ಲ. ಮೂರು ಸಲ ಕೇಳಿದರು. ಕೊಡುವುದಿಲ್ಲವೆಂದವಳು ನಾನು.

ಮೊದಲಿನಿಂದ ಹೇಳುತ್ತೇನೆ. ಕೆಲವು ನಿನಗೆ ಗೊತ್ತಿರುವುದೇ, ಆದರೂ ಓದು.

ನಲವತ್ತೊಂಬತ್ತರಲ್ಲಿ ನಾವು ಇದೇ ಪೇಟೆಯ ಒಂದು ವಠಾರದಲ್ಲಿದ್ದೆವು. ಎಂಟು ಮನೆ, ಒಂದು ನಲ್ಲಿ. ಬದರೀನಾರಾಯಣ ಮೇಷ್ಟ್ರ ಮನೆ ಎಂದರೆ ಪೋಸ್ಟಿನವನಿಗೂ ಗೊತ್ತಿತ್ತು, ಸಂಬಳ ಸಣ್ಣದಾದರೂ ನಿನ್ನ ಅಪ್ಪನಿಗೆ ಮರ್ಯಾದೆ ದೊಡ್ಡದಿತ್ತು. ಕೊನೆಯ ಕೋಣೆಗೆ ಖೀಮಜಿ ಮತ್ತು ಅವರ ಹೆಂಡತಿ ರತನ್ ಬಂದರು. ಭುಜ್ ಹತ್ತಿರದ ಯಾವುದೋ ಹಳ್ಳಿಯವರು. ಅವರಿಗೆ ಆಗ ಇಪ್ಪತ್ತನಾಲ್ಕು, ಅವಳಿಗೆ ಹತ್ತೊಂಬತ್ತು. ಅವರು ಇನ್ನೂ ಸೇಟು ಆಗಿರಲಿಲ್ಲ. ಮೈಸೂರು ರಸ್ತೆಯ ಸಾಮಿಲ್‌ನಲ್ಲಿ ದಿಮ್ಮಿ ಅಳೆಯುವ ಕೆಲಸ, ಯಾವಾಗಲೂ ಕುತ್ತಿಗೆಯಲ್ಲಿ ಟೇಪು, ತಲೆಯಲ್ಲಿ ಮರದ ಹೊಟ್ಟು.

ನಿನ್ನನ್ನು ಹೆತ್ತವಳ ಬಗ್ಗೆ ನಾನು ನಿನಗೆ ಬಹಳ ಕಡಿಮೆ ಹೇಳಿದ್ದೇನೆ. ಅದೂ ಬೇಕೆಂದೇ. ರತನ್ ಕಲಿತ ಮೊದಲ ಕನ್ನಡ "ನೀರು ಬಂತು". ಬೆಳಿಗ್ಗೆ ನಲ್ಲಿ ಗುರಗುಟ್ಟಿದ ಕೂಡಲೇ ಎಂಟೂ ಮನೆಯ ಬಾಗಿಲು ಬಡಿದು "ನೀರು ಬಂತು, ನೀರು ಬಂತು" ಎಂದು ಕೂಗುವಳು, ಅದು ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ನಾವಿಬ್ಬರೂ ಒಂದೇ ಸಮಯಕ್ಕೆ ಬಸುರಿಯರು. ಮಾತಿಲ್ಲದೆಯೇ ಸ್ನೇಹವಾಯಿತು. ಅವಳು ಸಜ್ಜೆ ರೊಟ್ಟಿಗೆ ಬೆಲ್ಲ ತುಪ್ಪ ಸವರಿ ತಂದು ನನ್ನ ಬಾಯಿಗೇ ಇಡುವಳು, ನಾನು ಅವಳಿಗೆ ಮಾವಿನಕಾಯಿ ಚಿತ್ರಾನ್ನ ಕೊಡುವೆ. ಅವಳು ಖಾರಕ್ಕೆ ಹಾ ಹಾ ಎನ್ನುತ್ತಲೇ ಎರಡನೆಯ ಸಲ ತಟ್ಟೆ ಚಾಚುವಳು. ನಿನ್ನ ಹಣೆ, ನಗುವಾಗ ಒಂದು ಕಣ್ಣು ಚಿಕ್ಕದಾಗುವುದು, ಎರಡೂ ಅವಳದು.

ನನಗೆ ಗಂಡು ಹುಟ್ಟಿತು. ಮೂರನೆಯ ದಿನ ಹೋಯಿತು. ಹೆಸರೂ ಇಡಲಿಲ್ಲ. ಅದಾಗಿ ಒಂಬತ್ತು ದಿನಕ್ಕೆ ರತನ್‌ಗೆ ನೋವು ಬಂತು. ನೀನು ಹುಟ್ಟಿದೆ, ಅವಳಿಗೆ ರಕ್ತ ನಿಲ್ಲಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಅವಳ ದೇಹವನ್ನು ವಠಾರಕ್ಕೆ ತಂದು ಮಲಗಿಸಿದರು.

ಶ್ರಾವಣದ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಸಾಮಿಲ್‌ಗೆ ಹಬ್ಬದ ರಜ, ಬೀಗ, ಮಾಲೀಕ ಊರಲ್ಲಿಲ್ಲ. ಸುತ್ತಲಿನ ಡಿಪೋಗಳಲ್ಲಿ ಇದ್ದ ಸೌದೆಯೆಲ್ಲ ನೆನೆದು ಕೂತಿತ್ತು. ಹಗಲೆಲ್ಲ ಮರದ ನಡುವೆಯೇ ಬದುಕುವ ಮನುಷ್ಯನಿಗೆ ಹೆಂಡತಿಯನ್ನು ಸುಡಲು ಒಣಗಿದ ಸೌದೆ ಸಿಗಲಿಲ್ಲ. ಮಧ್ಯಾಹ್ನದವರೆಗೆ ಅಲೆದು ಬಂದು, ತೊಯ್ದ ಬಟ್ಟೆಯಲ್ಲೇ ನಲ್ಲಿಯ ಕಟ್ಟೆಯ ಮೇಲೆ ಕೂತರು. ಮೇಷ್ಟ್ರು ಒಳಗೆ ಬಂದು ನಮ್ಮ ಹಳೆಯ ಮಂಚ ಬಿಚ್ಚಿದರು. ಅದನ್ನು ನೋಡಿ ಎದುರುಮನೆಯವರು ಮುರಿದ ಬಾಗಿಲು ತಂದರು. ವಠಾರದ ಹಿರಿಯರಾದ ಜಾನಕಮ್ಮ ತಮ್ಮ ಬಚ್ಚಲೊಲೆಯ ಸೌದೆಯನ್ನೆಲ್ಲ ಹೊರಗೆ ಹಾಕಿಸಿದರು. ಇನ್ನೂ ಸಾಲದು ಎಂದರು. ನನ್ನ ಕೋಣೆಯಲ್ಲಿ ತೊಟ್ಟಿಲಿತ್ತು, ನನ್ನ ತಂದೆ ಮಾಡಿಸಿ ಕಳಿಸಿದ್ದು. ಅದನ್ನು ನಾನೇ ಎಳೆದುಕೊಂಡು ಬಂದು ಅಂಗಳದಲ್ಲಿ ಇಟ್ಟೆ. ಖೀಮಜಿ ಎದ್ದು ನಿಂತು ನನಗೆ ಕೈ ಮುಗಿದರು. ನಾನು ಒಳಗೆ ಹೋಗಿ ಗೋಡೆಗೆ ತಿರುಗಿ ಮಲಗಿದೆ.

ಗಂಡಸರೆಲ್ಲ ಸ್ಮಶಾನಕ್ಕೆ ಹೋದ ಮೇಲೆ ಜಾನಕಮ್ಮ ನಿನ್ನನ್ನು ತಂದು ನನ್ನ ಮಗ್ಗುಲಿಗೆ ಹಾಕಿದರು. "ಎದೆ ಕಟ್ಕೊಂಡು ನೋಯ್ತಿದೆ ಅಂತ ಅಳ್ತಿದ್ಯಲ್ಲ ವಿಶಾಲೂ, ಇದು ಹಸ್ಕೊಂಡು ಅಳ್ತಿದೆ. ಇಬ್ರೂ ಸಾಕ್ಮಾಡಿ ಅಳೋದನ್ನ," ಎಂದರು. ನೀನು ಬಾಯಿ ಹಾಕಿದ ಕ್ಷಣ ನಾನು ನಿನ್ನ ತಾಯಿಯಾದೆ. ಅದರಲ್ಲಿ ಸುಳ್ಳಿಲ್ಲ. ಈ ಕಾಗದದಲ್ಲಿ ಬೇರೆ ಏನು ನಂಬದಿದ್ದರೂ ಇದನ್ನು ನಂಬು.

ಹೆಸರು ಇಟ್ಟವರು ಅವರೇ. ಕೋಕಿಲಾ ಎಂದರೆ ಅವರ ಕಡೆಯೂ ಹೆಸರು, ನಮ್ಮ ಕಡೆಯೂ ಹೆಸರು ಎಂದರು. ಪ್ರತಿ ಸಂಜೆ ಕೆಲಸ ಮುಗಿಸಿ ಬಂದು ನಮ್ಮ ಹೊಸಲ ಹೊರಗೆ ಕೂತು ನಿನ್ನನ್ನು ನೋಡುವರು. ಕೈ ಒರಟು, ಸಿಬಿರು ಚುಚ್ಚಿದ ಗಾಯಗಳು, ಮಗುವಿಗೆ ತಾಗೀತು ಎಂದು ಎತ್ತಿಕೊಳ್ಳುತ್ತಲೇ ಇರಲಿಲ್ಲ. ಮೇಷ್ಟ್ರು ಅವರಿಗೆ ಕನ್ನಡ ಕಲಿಸಿದರು. ಎದುರಿನವರನ್ನು ಮಾತಾಡಿಸಲು ಬಹುವಚನ ಬಿಟ್ಟು ಬೇರೆ ಕಲಿಸಲಿಲ್ಲವಾದ್ದರಿಂದ ಆ ಮನುಷ್ಯ ಕೊನೆಯವರೆಗೂ ಸೌದೆ ಗಾಡಿಯ ಎತ್ತಿಗೂ "ಬನ್ನಿ, ಬನ್ನಿ, ಹಂಗೆ ನಿಲ್ಲಬೇಡಿ" ಎನ್ನುತ್ತಿದ್ದರು. ನೀನು ಚಿಕ್ಕವಳಿದ್ದಾಗ ಅದಕ್ಕೆ ಬಿದ್ದು ಬಿದ್ದು ನಗುತ್ತಿದ್ದೆ.

ನಿನಗೆ ಒಂದೂವರೆ ವರ್ಷವಾದಾಗ ಅವರ ಅಕ್ಕ ಭುಜ್‌ನಿಂದ ಬಂದರು, ಮಗುವನ್ನು ಊರಿಗೆ ಕರೆದುಕೊಂಡು ಹೋಗಿ ಸಾಕುತ್ತೇನೆಂದು. ನ್ಯಾಯವಾದ ಮಾತೇ. ಖೀಮಜಿ ಬಂದು ತಲೆ ತಗ್ಗಿಸಿಕೊಂಡು ಕೇಳಿದರು. ನಾನು ಆಗಲಿ ಎಂದು ಹೇಳಿ, ಮಾರನೆಯ ದಿನ ಬೆಳಿಗ್ಗೆ ನಿನ್ನನ್ನು ಸೊಂಟಕ್ಕೆ ಕಟ್ಟಿಕೊಂಡು ಮಾಗಡಿ ಬಸ್ಸು ಹತ್ತಿದೆ. ಅಲ್ಲಿ ನನ್ನ ತಂಗಿಯ ಮನೆ. ಐದು ದಿನ ಅಲ್ಲಿದ್ದೆ. ಮಗು ಕಿತ್ತುಕೊಂಡರೆ ಬಾವಿಗೆ ಬೀಳುತ್ತೇನೆಂದು ಮೇಷ್ಟ್ರಿಗೆ ಹೇಳಿ ಕಳಿಸಿದೆ. ಆರನೆಯ ದಿನ ಮೇಷ್ಟ್ರು ಬಂದು, ಖೀಮಜಿ ತಮ್ಮ ಅಕ್ಕನನ್ನು ರೈಲು ಹತ್ತಿಸಿದರು, ಮನೆಗೆ ನಡಿ ಎಂದರು. ವಠಾರಕ್ಕೆ ಬಂದಾಗ ಅವರು ನನ್ನನ್ನು ಏನೂ ಅನ್ನಲಿಲ್ಲ. ಮಗು ಇಳಿದಿದೆ, ಸರಿಯಾಗಿ ಊಟ ಮಾಡಿಲ್ಲವಾ ಎಂದಷ್ಟೇ ಕೇಳಿದರು. ಇದು ಮೊದಲನೆಯ ಸಲ.

ಆಮೇಲೆ ಅವರು ಬೆಳೆದದ್ದು ಎಲ್ಲರೂ ಕಂಡದ್ದು. ಐವತ್ಮೂರರಲ್ಲಿ ಸ್ವಂತ ಸಾಮಿಲ್ ಶುರುವಾದಾಗ, ಯಂತ್ರ ಕೂರಿಸುವ ಮೊದಲು ಅವರು ಕಟ್ಟಿಸಿದ್ದು ಪಕ್ಕದ ಹಂಚಿನ ಷೆಡ್ಡು. ಅದರ ತುಂಬ ಒಣ ಸೌದೆ. ಯಾವ ಮನೆಯಲ್ಲಿ ಸಾವಾದರೂ ಬಂದು ಒಂದು ಗಾಡಿ ತುಂಬಿಕೊಂಡು ಹೋಗಬಹುದು. ಯಾರು, ಯಾವ ಜಾತಿ, ಯಾವ ಬೀದಿ, ಏನನ್ನೂ ಕೇಳಬಾರದು ಎಂದು ಆಳುಗಳಿಗೆ ಕಟ್ಟಪ್ಪಣೆ. ಸಭೆಯಲ್ಲಿ ಶಾಲೆಯ ಬಗ್ಗೆ, ವಾರ್ಡಿನ ಬಗ್ಗೆ ಅಷ್ಟೊಂದು ಮಾತಾಡಿದರಲ್ಲ, ಆ ಷೆಡ್ಡಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ಸೂತಕದ ವಿಷಯ, ಯಾರು ಎತ್ತುತ್ತಾರೆ? ಈ ಪೇಟೆಯಲ್ಲಿ ಮೂವತ್ತು ವರ್ಷ ಮಳೆಗಾಲದಲ್ಲಿ ಸತ್ತ ಯಾವ ಬಡವನ ಮನೆಯವರೂ ಸೌದೆಯಿಲ್ಲದೆ ಅಂಗಳದಲ್ಲಿ ಹಾಗೆ ಕೂರಲಿಲ್ಲ.

ಅವರು ದೇವರಾಗಿದ್ದರು ಎಂದು ನಾನು ಹೇಳುವುದಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿತ್ತು. ಸೊಪ್ಪಿನವಳ ಹತ್ತಿರ ಅರ್ಧ ಗಂಟೆ ಚೌಕಾಸಿ ಮಾಡುವರು. ಹಾರ ಹಿಡಿದು ಬಂದವರನ್ನು ಗೇಟಿನಲ್ಲೇ ಬೈದು ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಗಂಡುಮಕ್ಕಳ ಜೊತೆ ಎಂದೂ ಸಲಿಗೆಯಿಂದ ಮಾತಾಡಿದವರಲ್ಲ. ಆದರೆ ನಿನ್ನ ವಿಷಯಕ್ಕೆ ಬಂದರೆ ಆ ಮನುಷ್ಯ ನನ್ನ ಮುಂದೆ ಒಂದು ದಿನವೂ ದನಿ ಏರಿಸಲಿಲ್ಲ.

ಐವತ್ತಾರರಲ್ಲಿ ಹೀರಾಬಾಯಿಯನ್ನು ಮದುವೆಯಾದರು, ಬಸವನಗುಡಿಯಲ್ಲಿ ಮನೆ ಕಟ್ಟಿದರು. ಗೃಹಪ್ರವೇಶವಾದ ವಾರ ಗಂಡ ಹೆಂಡತಿ ಇಬ್ಬರೂ ವಠಾರಕ್ಕೆ ಬಂದರು. ನಿನಗೆ ಆಗ ಏಳು. ಹೀರಾಬಾಯಿ ಚಾಪೆಯ ಮೇಲೆ ಕೂತು ನನ್ನ ಕೈ ಹಿಡಿದುಕೊಂಡು ಹರಕು ಮುರುಕು ಕನ್ನಡದಲ್ಲಿ ಹೇಳಿದರು: "ಮಗು ನಿಮ್ದೇ ಅಕ್ಕ. ನಮ್ ಮನೇಲೂ ಇರ್ಲಿ. ಎರಡು ಅಮ್ಮ ಇದ್ರೆ ತಪ್ಪಾ?" ಆ ಹೊತ್ತಿಗೆ ನನಗೆ ಇನ್ನು ಮಕ್ಕಳಾಗುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ನಾನು ಕೈ ಬಿಡಿಸಿಕೊಂಡೆ. ಭಾನುವಾರ ಮಾತ್ರ ಕಳಿಸುತ್ತೇನೆ ಎಂದೆ. ಇದು ಎರಡನೆಯ ಸಲ.

ಭಾನುವಾರಗಳು ನಿನಗೆ ನೆನಪಿರಬೇಕು. ನೀನು ಬಾಪು ಎನ್ನುತ್ತಿದ್ದ ನಿನ್ನ ತಂದೆಯ ಕಾರು ಬರುತ್ತಿತ್ತು. ನಡುಮನೆಯಲ್ಲಿ ತೂಗುವ ಹಲಗೆಯ ಉಯ್ಯಾಲೆ, ಹೀರಾಬಾಯಿ ಕರಿಯುವ ಕಡಲೆಹಿಟ್ಟಿನ ಗಾಠಿಯಾ, ತೊಟ್ಟಿಲಿನ ತಮ್ಮ. ಸಂಜೆ ಬಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳುವೆ. ಕೇಳುತ್ತ ಕೇಳುತ್ತ ನಾನು ಮಾತು ತಪ್ಪಿಸಿ ಊಟಕ್ಕೆ ಕರೆಯುತ್ತಿದ್ದೆ. ನಿನಗೆ ಒಂಬತ್ತು ತುಂಬಿದ ಮೇಲೆ ಒಂದು ಭಾನುವಾರ, ಹೊಸ ಲಂಗ ಬಿಚ್ಚಿ ಮಡಿಸುತ್ತ, "ಅಮ್ಮಾ, ನಾನು ಅಲ್ಲೇ ಇದ್ಬಿಡ್ಲಾ? ನೀನು ಭಾನುವಾರ ಬಾ," ಎಂದೆ. ಆಮೇಲೆ, "ಬಾಪು ನನ್ನ ಯಾಕೆ ನಿಮಗೆ ಕೊಟ್ರು?" ಎಂದು ಕೇಳಿದೆ.

ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತಲಿಲ್ಲ. "ಹೆಣ್ಣು ಅಂತ ಬೇಡ ಅಂದ್ರು. ನಾನು ಬೇಕು ಅಂದೆ," ಎಂದುಬಿಟ್ಟೆ.

ಕೋಕಿಲಾ, ಅದನ್ನು ನಾನು ಯೋಚನೆ ಮಾಡಿ ಹೇಳಲಿಲ್ಲ. ಆದರೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ನೀನು ಲಂಗವನ್ನು ಮಡಿಸುವುದು ನಿಲ್ಲಿಸಿ ನನ್ನ ಬೆನ್ನಿಗೆ ಒರಗಿ ಕೂತೆ. ಮುಂದಿನ ಭಾನುವಾರ ಕಾರು ಬಂದಾಗ ಹಿತ್ತಲಿಗೆ ಹೋಗಿ ಬಚ್ಚಿಟ್ಟುಕೊಂಡೆ. ನನಗೆ ಸಂತೋಷವಾಯಿತು. ಅದನ್ನೂ ಬರೆಯಬೇಕು, ಬರೆದಿದ್ದೇನೆ.

ನಾಲ್ಕು ಭಾನುವಾರ ಕಾರು ಖಾಲಿ ಹೋಯಿತು. ಐದನೆಯ ವಾರ ಅವರೇ ಬಂದರು. ನೀನು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದೆ. ಯಾಕಮ್ಮಾ ಬರಲಿಲ್ಲ ಎಂದು ಕೇಳಿದ್ದಕ್ಕೆ, "ನಾನು ಹೆಣ್ಣು ಅಂತ ಬೇಡ ಅಂದ್ರಂತಲ್ಲ, ಈಗ ಯಾಕೆ ಕರೀತೀರಿ ಸೇಟು?" ಎಂದೆ. ಅದೇ ಮೊದಲು ನೀನು ಅವರನ್ನು ಬಾಪು ಎನ್ನದೆ ಸೇಟು ಎಂದದ್ದು. ಅವರು ಒಳಗೆ ಬಂದರು. ನಾನು ಒಲೆಯ ಮುಂದೆ ಇದ್ದೆ.

"ನಾನು ಹಂಗೆ ಹೇಳಿದೀನಾ ಅಕ್ಕ?"

ನನಗೆ ಅಳು ಬಂತು. ಅವರು ನಿಂತೇ ಇದ್ದರು. ನಾನು ಕಾಲು ಹಿಡಿಯಲು ಹೋದೆ, ಹಿಂದಕ್ಕೆ ಸರಿದರು. ಆಮೇಲೆ ಕೇಳಿದರು, "ಅವಳನ್ನ ಈಗ ಕರ್ಕೊಂಡು ಹೋಗ್ಲಾ? ನೀವು ಹೂಂ ಅಂದ್ರೆ ಹೋಗ್ತೀನಿ." ಮೂರನೆಯ ಸಲ. ನಾನು ಬೇಡ ಎಂದು ತಲೆಯಾಡಿಸಿದೆ. ಇಷ್ಟೆಲ್ಲ ಆದ ಮೇಲೂ.

"ಹಾಗಾದ್ರೆ ಹೀಗೇ ಇರ್ಲಿ," ಎಂದರು. "ಈಗ ಸುಳ್ಳು ಅಂತ ಹೇಳಿದ್ರೆ ಅವಳು ನಿಮ್ಮನ್ನ ನಂಬಲ್ಲ. ನನ್ನ ಮನೇಗೆ ಬಂದ್ರೂ ಇಲ್ಲಿಗೆ ಅಳ್ತಾಳೆ, ಇಲ್ಲಿದ್ರೆ ಅಲ್ಲಿಗೆ ಅಳ್ತಾಳೆ. ಮಗು ಒಂದು ಮನೇಲಾದ್ರೂ ಪೂರ್ತಿ ಇರ್ಬೇಕು. ಕೆಟ್ಟವನು ನಾನೇ ಆಗ್ತೀನಿ ಬಿಡಿ. ನಂಗೆ ಹೊರಗೆ ಬೇಕಾದಷ್ಟು ಜನ ಒಳ್ಳೆಯವನು ಅಂತಾರೆ."

ಹೊರಗೆ ಹೋಗುವಾಗ ನಿನ್ನ ತಲೆ ಸವರಲು ಕೈ ಚಾಚಿದರು. ನೀನು ಬಿಲ್ಲೆ ಎತ್ತಿಕೊಂಡು ಆಚೆ ಓಡಿದೆ.

ಅವತ್ತಿನಿಂದ ಇಪ್ಪತ್ತೈದು ವರ್ಷ ಆ ಮಾತನ್ನು ಹೊತ್ತರು. ಮೇಷ್ಟ್ರಿಗೆ ವಿಷಯ ತಿಳಿದಾಗ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಹುಡುಗಿಗೆ ಹೇಳು ಎಂದು ಬೇಡಿಕೊಂಡರು. ನಾಳೆ ಹೇಳುತ್ತೇನೆ, ಪರೀಕ್ಷೆ ಮುಗಿಯಲಿ, ಮದುವೆಯಾಗಲಿ ಎಂದು ಮುಂದೂಡುತ್ತ ಬಂದೆ. ನಿನ್ನ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಮೇಷ್ಟ್ರು ಎದ್ದು ಹೋಗಿ ಅವರ ಕೈ ಹಿಡಿದು ಕರೆತಂದರಲ್ಲ, ನೆನಪಿದೆಯಾ? ಮಂಟಪದ ಮೆಟ್ಟಿಲವರೆಗೆ ಬಂದರು. ನೀನು ಮುಖ ತಿರುಗಿಸಿದೆ. ಅವರು ಮೇಷ್ಟ್ರ ಕೈಯಿಂದ ತಮ್ಮ ಕೈ ಬಿಡಿಸಿಕೊಂಡು ಅಡಿಗೆಯವರ ಕಡೆ ಹೋಗಿ, ಎಲೆ ಸಾಲುತ್ತದೋ ಇಲ್ಲವೋ ಎಂದು ನೋಡುತ್ತ ನಿಂತರು. ನಾಲ್ಕು ವರ್ಷಕ್ಕೆ ಮೇಷ್ಟ್ರೂ ಹೋದರು. ಆ ಸಲ ಸೌದೆ ಗಾಡಿಯ ಜೊತೆ ಸೇಟು ತಾವೇ ನಡೆದು ಬಂದರು.

ಈ ಜನವರಿಯಲ್ಲಿ ಅವರನ್ನು ನೋಡಲು ಹೋಗಿದ್ದೆ. ಮೈ ಕಡ್ಡಿಯಾಗಿತ್ತು. ಹೀರಾಬಾಯಿ ದಿಂಬು ಒತ್ತರಿಸಿ ಎಬ್ಬಿಸಿ ಕೂರಿಸಿದರು. ಕೋಕಿಲಾಗೆ ಹೇಳಿಬಿಡುತ್ತೇನೆ, ಒಂದು ಸಲ ಬಂದು ನಿಮ್ಮನ್ನು ನೋಡಲಿ ಎಂದೆ. ಬೇಡ ಎಂದು ಕೈಯಾಡಿಸಿದರು. "ನಾನು ಹೊರಟೆ ಅಕ್ಕ. ಆಮೇಲೆ ಅವಳಿಗೆ ಇರೋದು ನೀವೊಬ್ರೇ. ನಿಮ್ಮ ಮೇಲೂ ಕೋಪ ಬಂದ್ರೆ ಅವಳು ಯಾರ ಹತ್ರ ಹೋಗ್ತಾಳೆ?" ಎಂದರು. ಮೂರು ವಾರಕ್ಕೆ ತೀರಿಕೊಂಡರು.

ಅವರ ಮಾತಿನಲ್ಲಿ ನನಗೆ ಅನುಕೂಲವಿತ್ತು, ಹಿಡಿದುಕೊಂಡು ಸುಮ್ಮನಿದ್ದೆ. ಆದರೆ ಆ ಸಭೆಯಲ್ಲಿ ನೀನು ಆಡಿದ್ದು ನಿನ್ನ ಮಾತಲ್ಲ ಮಗಳೇ, ಅಕ್ಕಿ ಆರಿಸುತ್ತ ನಾನು ಆಡಿದ ಮಾತು. ಅದು ಅಷ್ಟು ಜನರ ಮುಂದೆ, ಬದುಕಿಲ್ಲದ ಮನುಷ್ಯನ ಮೇಲೆ ಬಿತ್ತು. ನಾನು ಎದ್ದು ನಿಲ್ಲಲಿಲ್ಲ. ಮನೆಗೆ ಬಂದು ಮೂರು ದಿನ ಊಟ ಸೇರಲಿಲ್ಲ. ನನಗೀಗ ಐವತ್ತೊಂಬತ್ತು. ಈ ಮಾತನ್ನು ಇಟ್ಟುಕೊಂಡು ಸಾಯಲಾರೆ. ನಿನ್ನ ಕೋಪಕ್ಕಿಂತ ಅದು ಭಾರ.

ನೀನು ಬೇಡವಾದವಳಾಗಿರಲಿಲ್ಲ. ಇಬ್ಬರಿಗೂ ಅಷ್ಟೊಂದು ಬೇಕಾಗಿದ್ದೆ. ಒಬ್ಬರು ಬಿಟ್ಟುಕೊಡಬಲ್ಲವರಾಗಿದ್ದರು, ಇನ್ನೊಬ್ಬಳಿಗೆ ಅದು ಬರಲಿಲ್ಲ.

ಸಾಧ್ಯವಾದರೆ ಬಸವನಗುಡಿಗೆ ಹೋಗಿ ಹೀರಾಬಾಯಿಯನ್ನು ಒಂದು ಸಲ ಮಾತಾಡಿಸು. ಅವರಿಂದ ಯಾವ ತಪ್ಪೂ ಆಗಿಲ್ಲ. ರತನ್‌ಳ ಊರು, ಅವಳ ತಾಯಿ ತಂದೆ, ಎಲ್ಲವನ್ನೂ ಅವರು ಬಲ್ಲರು. ನನ್ನ ಬಗ್ಗೆ ಹೇಳುವುದಾದರೆ, ನಿನ್ನನ್ನು ನಾನು ಏನೂ ಕೇಳುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ. ಮಕ್ಕಳಿಗೆ ಈ ವಿಷಯ ಹೇಳುವುದು ಬಿಡುವುದು ನಿನಗೆ ಸೇರಿದ್ದು.

ಇಂತಿ,
ನಿನಗೆ ಹಾಲು ಕೊಟ್ಟವಳು, ಸುಳ್ಳನ್ನೂ ಕೊಟ್ಟವಳು,
ವಿಶಾಲಮ್ಮ

ಮರೆತ ಮಾತು: ನಿನ್ನನ್ನು ಏನೂ ಕೇಳುವುದಿಲ್ಲ ಎಂದು ಮೇಲೆ ಬರೆದೆನಲ್ಲ, ಮತ್ತೆ ಓದಿ ನೋಡಿದೆ. ಅದು ನಿಜವಲ್ಲ, ಇನ್ನೊಂದು ಸುಳ್ಳು ಬೇಡ. ಗುರುವಾರ ನಾಲ್ಕು ಗಂಟೆಗೆ ನಿನ್ನ ಮನೆಗೆ ಬರುತ್ತೇನೆ. ಬುಧವಾರದೊಳಗೆ ಕಾಗದ ನಿನ್ನ ಕೈ ಸೇರುತ್ತದೆ, ಯೋಚನೆ ಮಾಡಲು ಒಂದು ದಿನ ಸಿಗುತ್ತದೆ. ಕಾಫಿ ಕೊಡಬೇಡ, ಕೂರು ಅನ್ನಬೇಡ. ಬೈಯುವುದಿದ್ದರೆ ಬೈ, ಮಕ್ಕಳ ಎದುರಿಗೇ ಬೈ. ಆದರೆ ಬಾಗಿಲು ಮಾತ್ರ ತೆಗಿ ಕೋಕಿಲಾ.